ಅನ್ವಯಿಕ ಭಾಷಾವಿಜ್ಞಾನ: ವಾಣಿಜ್ಯಕ್ಕೂ ಬೇಕಾದ ವಿದ್ಯೆ

ವ್ಯಾಪಾರಸ್ಥರ ಮನೆಗಳಲ್ಲಿ ಮಕ್ಕಳ ಉನ್ನತ ವ್ಯಾಸಂಗದ ಮಾತು ಬಂದಾಗ ವಾಣಿಜ್ಯ, ಇಂಜಿನಿಯರಿಂಗ್, ಕಂಪ್ಯೂಟರ್ ವಿಷಯಗಳೇ ಚರ್ಚೆಗೆ ಬರುತ್ತವೆ. ಭಾಷಾವಿಜ್ಞಾನ ಓದುವೆನೆಂದರೆ ‘ಅದರಿಂದ ಹೊಟ್ಟೆ ತುಂಬೀತೆ?’ ಎಂಬ ಪ್ರಶ್ನೆ ಏಳುವುದು ಸಹಜ. ಆದರೆ ಈ ಶಾಸ್ತ್ರದ ಅನ್ವಯಿಕ ಶಾಖೆಯು ಉದ್ಯಮದ ಲಾಭ-ನಷ್ಟಗಳಿಗೆ ನೇರವಾಗಿ ಸಂಬಂಧಿಸಿದುದಾಗಿದೆ.

ಭಾಷೆಯ ರಚನೆಯನ್ನು ಕುರಿತ ಜ್ಞಾನವನ್ನು ಭಾಷಾ ಬೋಧನೆ, ಭಾಷಾಂತರ, ನಿಘಂಟು ರಚನೆ, ಕಂಪ್ಯೂಟರಿನಲ್ಲಿ ಭಾಷಾ ಬಳಕೆ ಮುಂತಾದ ವ್ಯಾವಹಾರಿಕ ಕಾರ್ಯಗಳಿಗೆ ಬಳಸುವುದೇ ಅನ್ವಯಿಕ ಭಾಷಾವಿಜ್ಞಾನ. ಬ್ರಿಟನ್ನಿನ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ 1957ರಲ್ಲಿಯೇ ಇದಕ್ಕೆ ಪ್ರತ್ಯೇಕ ವಿಭಾಗ ಸ್ಥಾಪನೆಯಾಯಿತು. ನಮ್ಮ ಸಮೀಪದ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಭಾಷಾವಿಜ್ಞಾನ ಮತ್ತು ಅನುವಾದ ಅಧ್ಯಯನದ ಕೇಂದ್ರವಿದೆ. ಮೈಸೂರಿನಲ್ಲಿ 1969ರಲ್ಲಿ ಸ್ಥಾಪಿತವಾದ ಭಾರತೀಯ ಭಾಷಾ ಸಂಸ್ಥಾನವು ಭಾಷಾ ಬೋಧನೆ, ಅನುವಾದ ಹಾಗೂ ಭಾಷಾ ದತ್ತಾಂಶ ಸಂಗ್ರಹಣೆಯಲ್ಲಿ ತೊಡಗಿದೆ.

ಇದರಿಂದ ಸಣ್ಣ ಕೈಗಾರಿಕೆಗೇನು ಪ್ರಯೋಜನ? ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022ರ ಪ್ರಕಾರ ರಾಜ್ಯದಲ್ಲಿ ತಯಾರಾಗುವ ಕೈಗಾರಿಕಾ ಉತ್ಪನ್ನಗಳ ಹೆಸರು ಮತ್ತು ಬಳಕೆಯ ಸೂಚನೆಗಳು ಕನ್ನಡದಲ್ಲಿಯೂ ಇರತಕ್ಕದ್ದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ 84ನೇ ಪ್ರಕರಣವು, ಹಾನಿ ತಪ್ಪಿಸಲು ಬೇಕಾದ ಸಮರ್ಪಕ ಸೂಚನೆಗಳಿಲ್ಲದ ಸರಕಿಗಾಗಿ ತಯಾರಕನನ್ನು ಹೊಣೆಗಾರನನ್ನಾಗಿಸುತ್ತದೆ. ಕೊಂಡವನಿಗೆ ಅರ್ಥವಾಗದ ಸೂಚನೆಯನ್ನು ‘ಸಮರ್ಪಕ’ವೆಂದು ಸಮರ್ಥಿಸಿಕೊಳ್ಳುವುದು ಕಷ್ಟವೇ ಸರಿ.

ಪಂಪ್‌ಸೆಟ್ಟಿನ ಮೇಲಿನ ‘ಡ್ರೈ ರನ್’ ಎಚ್ಚರಿಕೆಯನ್ನು ‘ಒಣ ಓಟ’ವೆಂದು ಅಚ್ಚುಹಾಕಿದರೆ ರೈತನಿಗೆ ಏನೂ ತಿಳಿಯದು. ‘ನೀರಿಲ್ಲದೆ ಪಂಪು ಓಡಿಸಬೇಡಿ’ ಎಂದರೆ ಮಾತ್ರ ಪಂಪು ಉಳಿದೀತು. ವಾರಂಟಿ ತಗಾದೆಯೂ ತಪ್ಪೀತು. ಈಗ ಯಂತ್ರಾನುವಾದ ಕ್ಷಣಮಾತ್ರದಲ್ಲಿ ದೊರೆಯುವುದಾದರೂ ಅದರ ತಪ್ಪಿಗೆ ಹೊಣೆ ಹೊರುವವನು ತಯಾರಕನೇ. ಆದುದರಿಂದ ಪರಿಶೀಲಿಸಿ ತಿದ್ದಬಲ್ಲ ತಜ್ಞನ ಅಗತ್ಯ ಕಡಿಮೆಯಾಗಿಲ್ಲ.

ವಿದ್ಯಾರ್ಥಿಗಳು ವಾಸ್ತವವನ್ನೂ ಅರಿತಿರಬೇಕು. ಕೇವಲ ಅಧ್ಯಾಪಕ ವೃತ್ತಿಯನ್ನು ನೆಚ್ಚಿದರೆ ಅವಕಾಶಗಳು ಸೀಮಿತ. ಭಾಷಾಜ್ಞಾನದೊಂದಿಗೆ ಕಂಪ್ಯೂಟರ್, ಕಾನೂನು ಅಥವಾ ಯಾವುದಾದರೊಂದು ಉದ್ಯಮದ ಪರಿಭಾಷೆಯನ್ನು ಕರಗತ ಮಾಡಿಕೊಂಡವರಿಗೆ ತಾಂತ್ರಿಕ ಬರವಣಿಗೆ, ತಂತ್ರಾಂಶಗಳ ಸ್ಥಳೀಕರಣ, ಧ್ವನಿ ತಂತ್ರಜ್ಞಾನ ಮುಂತಾದ ಕ್ಷೇತ್ರಗಳ ಬಾಗಿಲು ತೆರೆಯುತ್ತದೆ.

ಭಾಷಾಂತರದ ಖರ್ಚನ್ನು ‘ಮುದ್ರಣ ವೆಚ್ಚ’ದಲ್ಲಿ ಸೇರಿಸಿ, ಕೆಲಸವನ್ನು ಮುದ್ರಣಾಲಯದ ಡಿ.ಟಿ.ಪಿ. ಹುಡುಗನಿಗೆ ಒಪ್ಪಿಸುವ ಪರಿಪಾಠ ಇನ್ನಾದರೂ ನಿಲ್ಲಬೇಕು. ಒಂದೊಂದು ಘಟಕವೂ ತಜ್ಞರನ್ನು ನೇಮಿಸಿಕೊಳ್ಳಲಾಗದು, ನಿಜ. ಆದರೆ ಒಂದೇ ಬಗೆಯ ಸರಕು ತಯಾರಿಸುವ ಹತ್ತು ಘಟಕಗಳು ಸೇರಿ, ತಮ್ಮ ಸಂಸ್ಥೆಯ ಮೂಲಕ ಸಮಾನ ಪದಕೋಶವನ್ನೂ ಸೂಚನಾ ಪತ್ರಗಳನ್ನೂ ಸಿದ್ಧಪಡಿಸಿಕೊಂಡರೆ ವೆಚ್ಚ ಹಂಚಿಹೋಗುತ್ತದೆ. ಭಾಷಾ ಪದವೀಧರರಿಗೆ ಉದ್ಯೋಗವೂ ಲಭಿಸುತ್ತದೆ. ಲೆಕ್ಕಪತ್ರಕ್ಕೆ ಪರಿಶೋಧಕರು ಬೇಕಾಗುವಂತೆ, ಗ್ರಾಹಕನ ಕೈಗೆ ಕೊಡುವ ಮಾತಿಗೂ ಪರಿಶೋಧನೆ ಬೇಕು.