ಕೈ ಕುಣಿದರೆ ಎದೆಯನ್ನೂ ನೋಡಿ

2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಇಡೀ ರಾಜ್ಯವನ್ನು ಬೆಚ್ಚಿಬೀಳಿಸಿದ್ದವು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಅಸಹಜ ಏರಿಕೆಯೇನೂ ಇಲ್ಲ ಎಂದು ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಹೇಳಿದ ಮೇಲೆ ಗಾಬರಿ ಇಳಿಯಿತು. ಆದರೆ ಆ ಗಾಬರಿಯೆಲ್ಲ ಎದೆನೋವಿನ ಸುತ್ತಲೇ ಗಿರಕಿ ಹೊಡೆಯಿತು. ಹೃದಯದ ತೊಂದರೆ ಎದೆಯಲ್ಲೇ ಕಾಣಿಸಿಕೊಳ್ಳಬೇಕೆಂದೇನಿಲ್ಲ.

ಹಾಸನ ಜಿಲ್ಲೆಯದೇ ಹೆತ್ತೂರು, ಯಸಳೂರು ಕಡೆಯ ಒಂದು ತೋಟದ ಮನೆ ಎಂದುಕೊಳ್ಳಿ. ಕಾಫಿ ಲೋಟ ಹಿಡಿದು ಕೂತ ಅಜ್ಜಿಯ ಎಡಗೈ ಇದ್ದಕ್ಕಿದ್ದಂತೆ ತಾನಾಗಿಯೇ ಎಗರತೊಡಗುತ್ತದೆ. ಲೋಟ ಉರುಳುತ್ತದೆ, ಎಡಗಾಲೂ ಒದೆಯುತ್ತದೆ. ಎಚ್ಚರವಿದೆ, ಮಾತು ನೆಟ್ಟಗಿದೆ, ಬಾಯಿ ಸೊಟ್ಟಗಾಗಿಲ್ಲ. ಹಾಗಾಗಿ ಲಕ್ವ ಎಂದು ಯಾರಿಗೂ ಹೊಳೆಯುವುದಿಲ್ಲ. ಒಬ್ಬರು ಫಿಟ್ಸ್ ಅಂತಾರೆ, ಇನ್ನೊಬ್ಬರು ಗಾಳಿ ಸೋಕಿದೆ ಅಂತಾರೆ. ನಿದ್ದೆ ಹತ್ತಿದಾಗ ಕುಣಿತ ನಿಂತರಂತೂ 'ಬೆಳಿಗ್ಗೆ ನೋಡೋಣ ಬಿಡಿ'.

ಆದರೆ ಇದೂ ಲಕ್ವ, ಅಂದರೆ ಪಾರ್ಶ್ವವಾಯು, ಇರಬಹುದು. ಮಿದುಳಿನ ಆಳದಲ್ಲಿ ಚಲನೆಗೆ ಕಡಿವಾಣ ಹಾಕುವ ಪುಟ್ಟ ಭಾಗಗಳಿವೆ. ಅಲ್ಲಿಗೆ ರಕ್ತ ಹರಿಯುವುದು ನಿಂತರೆ ಕೈಕಾಲು ಸೋಲುವ ಬದಲು ಹತೋಟಿ ತಪ್ಪಿ ಕುಣಿಯುತ್ತವೆ. ಪಾರ್ಶ್ವವಾಯುವಾದ ನೂರು ಜನರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಹೀಗಾಗುತ್ತದೆ. ರಕ್ತನಾಳವನ್ನು ಕಟ್ಟಿದ ಹೆಪ್ಪು ಕೆಲವೊಮ್ಮೆ ಹೃದಯದಿಂದಲೇ ಹೊರಟಿರುತ್ತದೆ. ಏಟ್ರಿಯಲ್ ಫಿಬ್ರಿಲೇಷನ್ ಇದ್ದವರಲ್ಲಿ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಹಿಂಡದೆ ಬರೀ ಅದುರುತ್ತವೆ, ಒಳಗೆ ರಕ್ತ ನಿಂತು ಹೆಪ್ಪುಗಟ್ಟಬಹುದು. ಅಂಥವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು ಜಾಸ್ತಿ. ರಕ್ತದ ಸಕ್ಕರೆ ವಿಪರೀತ ಏರಿದಾಗಲೂ ಕೈಕಾಲು ಹೀಗೆ ಕುಣಿಯುವುದುಂಟು. ಯಾವುದೆಂದು ತಿಳಿಯಲು ಸಕ್ಕರೆ ಪರೀಕ್ಷೆ, ಇಸಿಜಿ, ಮಿದುಳಿನ ಸ್ಕ್ಯಾನ್ ಬೇಕು. ಸ್ಕ್ಯಾನ್‌ಗೆ ಮೊದಲು ಮನೆಯಲ್ಲೇ ಆಸ್ಪಿರಿನ್ ನುಂಗಿಸಬಾರದು, ಒಳಗೆ ರಕ್ತಸ್ರಾವವಾಗಿದ್ದರೆ ಅದೇ ಮುಳುವಾದೀತು.

ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಗಡುವು ನಾಲ್ಕೂವರೆ ಗಂಟೆ. ಆಲೂರಿನವರಿಗೆ ಹಾಸನ ಹತ್ತಿರ. ಬಿಸಲೆ ಅಂಚಿನವರು ಮಳೆಗಾಲದ ರಸ್ತೆಯಲ್ಲಿ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆ ಮುಟ್ಟಿ, ಅಲ್ಲಿಂದ ಹಾಸನಕ್ಕೆ ಮತ್ತೆ 40 ಕಿ.ಮೀ. ಹೋಗಬೇಕು. ಇಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಅನ್ನು ಮೊದಲೇ ಪತ್ತೆ ಹಚ್ಚುವುದೇ ಜಾಣತನ.

ಅದಕ್ಕೆ ದೊಡ್ಡ ಖರ್ಚೂ ಇಲ್ಲ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳಿಗೆ ಇಸಿಜಿ ಜಾಲ ತಂದಿರುವುದು ಹೃದಯಾಘಾತ ಗುರುತಿಸಲು. ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ಲಯ ತಪ್ಪುವ ಬಡಿತವೂ ಅದೇ ಇಸಿಜಿಯಲ್ಲಿ ಕಾಣುತ್ತದೆ. ಅರವತ್ತು ದಾಟಿದವರ ಬಿಪಿ ನೋಡುವಾಗಲೇ ಆಸ್ಪತ್ರೆಯವರು ಮಣಿಕಟ್ಟು ಹಿಡಿದು ನಾಡಿಯನ್ನೂ ನೋಡಲಿ, ಏರುಪೇರಿದ್ದರೆ ಇಸಿಜಿಗೆ ಕಳಿಸಲಿ. ವೈದ್ಯರು ಕೊಡುವ ರಕ್ತ ತೆಳುವಾಗಿಸುವ ಮಾತ್ರೆ ಏಟ್ರಿಯಲ್ ಫಿಬ್ರಿಲೇಷನ್ ಇರುವವರ ಪಾರ್ಶ್ವವಾಯುವಿನ ಅಪಾಯವನ್ನು ಮೂರರಲ್ಲಿ ಎರಡು ಪಾಲು ತಗ್ಗಿಸಬಲ್ಲದು. ಸಾವಿನ ಲೆಕ್ಕ ಹಾಕಲು ಸಮಿತಿ ಮಾಡಿದ ಸರ್ಕಾರ, ನಾಡಿ ಹಿಡಿದು ನೋಡುವ ಈ ಕೆಲಸಕ್ಕೆ ಒಂದು ಆದೇಶ ಹೊರಡಿಸಿದರೆ ಸಾಕು.