ಬೆಟ್ಟದಿಂದ ಬಾರದವರ ಮನೆಯಲ್ಲಿ

ಐವತ್ತರ ಆಸುಪಾಸಿನ ಹೆಂಗಸೊಬ್ಬರು ಎದೆಯುರಿ, ಕೈಕಾಲು ಸೆಳೆತ, ನಿದ್ದೆ ಇಲ್ಲ ಎಂದು ನನ್ನಲ್ಲಿಗೆ ಮೂರು ಬಾರಿ ಬಂದಿದ್ದರು. ರಕ್ತದೊತ್ತಡ ಸರಿಯಿತ್ತು, ಇ.ಸಿ.ಜಿ. ಸರಿಯಿತ್ತು. ಮೂರನೆಯ ಸಲ ಬಂದಾಗ ಚೀಟಿ ಬರೆಯುವುದನ್ನು ಬಿಟ್ಟು ಮನೆಯ ಸಮಾಚಾರ ಕೇಳಿದೆ. ಅವರ ಗಂಡ ಕೊನೆಗೌಡ. ಹಿಂದಿನ ವರ್ಷ ಅಡಿಕೆ ಮರದಿಂದ ಬಿದ್ದು ತೀರಿಕೊಂಡಿದ್ದರು. “ಹನ್ನೆರಡು ದಿನ ಮನೆ ತುಂಬ ಜನ ಇದ್ದರು ಡಾಕ್ಟ್ರೇ. ಆಮೇಲೆ ಯಾರೂ ಅವರ ಹೆಸರೇ ಎತ್ತೂದಿಲ್ಲ. ನಾನು ಎತ್ತಿದರೆ ಮಾತು ಬದಲಾಯಿಸ್ತಾರೆ” ಎಂದರು. ಅಂದು ಅವರಿಗೆ ನಾನು ಹೊಸ ಮಾತ್ರೆ ಕೊಡಲಿಲ್ಲ. ಅರ್ಧ ಗಂಟೆ ಅವರ ಗಂಡನ ವಿಷಯ ಕೇಳಿದೆ, ಅಷ್ಟೆ. ಹೊರಗೆ ಕಾದವರು ಗೊಣಗಿದ್ದು ಬೇರೆ ಮಾತು.

ಎತ್ತರಕ್ಕೆ ಹತ್ತಿದವರು ಇಳಿದು ಬಾರದಿದ್ದಾಗ ಹಿಂದುಳಿದವರ ಗತಿ ಏನು ಎಂಬ ಪ್ರಶ್ನೆ 2024ರ ಜೂನ್‌ನಲ್ಲಿ ಇಡೀ ಕರ್ನಾಟಕದ ಮುಂದೆ ಬಂತು. ಉತ್ತರಾಖಂಡದ ಸಹಸ್ರತಾಲ್‌ಗೆ ಚಾರಣ ಹೋಗಿದ್ದ 22 ಜನರ ತಂಡ ಜೂನ್ 3ರಂದು ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಜನ ಸತ್ತರು. ಎಲ್ಲರೂ ನಮ್ಮ ರಾಜ್ಯದವರು. ಮೂವತ್ತು ದಾಟಿದವರಿಂದ ಎಪ್ಪತ್ತು ದಾಟಿದವರವರೆಗೆ ಇದ್ದರು, ಗಂಡಹೆಂಡಿರ ಜೋಡಿಯೂ ಒಂದಿತ್ತು. ಉಳಿದ 13 ಜನರನ್ನು ರಕ್ಷಿಸಲಾಯಿತು. ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೆ ಹೋಗಿ ಬದುಕಿದವರನ್ನೂ ಶವಗಳನ್ನೂ ಊರಿಗೆ ಕಳಿಸುವ ವ್ಯವಸ್ಥೆ ನೋಡಿಕೊಂಡರು.

ಆಗ ನಮ್ಮ ಕಟ್ಟೆಗಳಲ್ಲಿ ಕೇಳಿದ ಮಾತು ನನಗೆ ಇಂದಿಗೂ ಹಿತವೆನಿಸುವುದಿಲ್ಲ. “ಆ ವಯಸ್ಸಿಗೆ ಅಲ್ಲಿಗೆ ಹೋಗೂದು ಯಾಕಿತ್ತು?” ಕೊನೆಗೌಡ ಬಿದ್ದರೆ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಏಕೆಂದರೆ ಅವನು ಹತ್ತಿದ್ದು ಹೊಟ್ಟೆಗಾಗಿ ಮತ್ತು ನಮ್ಮ ತೋಟಕ್ಕಾಗಿ. ಸಂತೋಷಕ್ಕಾಗಿ ಹತ್ತಿದವನ ಸಾವಿಗೆ ಮಾತ್ರ ನಾವು ಲೆಕ್ಕ ಕೇಳುತ್ತೇವೆ. ಸುರಕ್ಷತೆಯ ವಿಚಾರಣೆ ಬೇಡವೆಂದಲ್ಲ. ಹವಾಮಾನ ನೋಡಿದ್ದರೇ, ಮಾರ್ಗದರ್ಶಕರು ಸಾಕಷ್ಟಿದ್ದರೇ ಎಂಬುದನ್ನು ಸರ್ಕಾರ ಕೇಳಲೇಬೇಕು. ಸಾವಿನ ಮನೆಯ ಜಗುಲಿಯಲ್ಲಿ ಕೂತು ನಾವು ಕೇಳಬೇಕಾದದ್ದಲ್ಲ. ಮನೆಯವರು ಆ ಪ್ರಶ್ನೆಯನ್ನು ತಮಗೆ ತಾವೇ ರಾತ್ರಿಯಿಡೀ ಕೇಳಿಕೊಳ್ಳುತ್ತಿರುತ್ತಾರೆ. “ಹೋಗಬೇಡ ಅಂತ ನಾನು ಗಟ್ಟಿಯಾಗಿ ಹೇಳಬೇಕಿತ್ತು” ಎಂಬ ಅಪರಾಧಭಾವ ದುಃಖವನ್ನು ಕಾಯಿಲೆಯ ಕಡೆಗೆ ತಳ್ಳುವ ದೊಡ್ಡ ಕಾರಣಗಳಲ್ಲೊಂದು. ನಮ್ಮ ಒಂದು ಮಾತು ಅದಕ್ಕೆ ಗೊಬ್ಬರ ಹಾಕಿದಂತೆ.

ಬೆಟ್ಟದ ತಪ್ಪಲಿನ ಊರುಗಳಲ್ಲಿ ಈ ದುಃಖ ಇನ್ನೂ ಗಟ್ಟಿ. 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ದ್ರೌಪದಿ ಕಾ ದಂಡಾ ಶಿಖರದ ಬಳಿ ಹಿಮಕುಸಿತವಾಗಿ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡದ 29 ಜನ ಸತ್ತರು. ತರಬೇತಿಗೆ ಹೋದ ಕರ್ನಾಟಕದ ಯುವಕರೂ ಅವರಲ್ಲಿದ್ದರು. ಅದೇ ವರ್ಷ ಎವರೆಸ್ಟ್ ಏರಿ ಬಂದಿದ್ದ, ಆ ಜಿಲ್ಲೆಯ ಬಡ ಮನೆಯ ಮಗಳು ಸವಿತಾ ಕನ್ಸ್ವಾಲ್ ತರಬೇತಿ ಕೊಡುತ್ತಲೇ ತೀರಿಕೊಂಡರು. 2014ರ ಏಪ್ರಿಲ್ 18ರಂದು ಎವರೆಸ್ಟ್ ದಾರಿಯ ಹಿಮಪ್ರಪಾತದಲ್ಲಿ 16 ನೇಪಾಳಿ ಕೆಲಸಗಾರರು ಸತ್ತಾಗ ಶೆರ್ಪಾಗಳು ಆ ಸಲದ ಆರೋಹಣವನ್ನೇ ನಿಲ್ಲಿಸಿದರು. ಅನ್ನ ಕೊಡುವ ಬೆಟ್ಟವೇ ಮಗನನ್ನೂ ಕೊಂಡೊಯ್ದರೆ ಆ ಬೆಟ್ಟವನ್ನು ದಿನಾ ಬೆಳಗ್ಗೆ ನೋಡುವುದು ಹೇಗೆ? ನಮ್ಮವರಿಗೆ ಇದು ತೀರಾ ಅಪರಿಚಿತವಲ್ಲ. 2021ರ ಜುಲೈನಲ್ಲಿ ಕಳಚೆಯ ಗುಡ್ಡಗಳು ಕುಸಿದ ಮೇಲೆ, ಜೋರು ಮಳೆ ಬಂದ ರಾತ್ರಿ ಎದೆ ಹೊಡೆದುಕೊಳ್ಳುತ್ತದೆ ಎಂದು ಬಂದವರನ್ನು ನಾನೇ ನೋಡಿದ್ದೇನೆ.

ಶವ ಸಿಗುವುದು ತಡವಾದರೆ ಅಥವಾ ಸಿಗದೇ ಹೋದರೆ ಮನಸ್ಸು ಒಪ್ಪುವುದೇ ಇಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿಗೆ ಬಿತ್ತು. ನಮ್ಮ ಬೇಡ್ತಿಯೇ ಅಲ್ಲಿ ಗಂಗಾವಳಿ. ಕೇರಳದ ಲಾರಿ ಚಾಲಕರೊಬ್ಬರ ಶವ ಲಾರಿಯೊಂದಿಗೆ ನೀರಿನಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು. ಎರಡು ತಿಂಗಳಿಗೂ ಹೆಚ್ಚು ಕಾಲ ಒಂದು ಮನೆ ಬಾಗಿಲು ನೋಡುತ್ತ ಕೂತಿತ್ತು. ಇಂಥ ಮನೆಗೆ “ಧೈರ್ಯ ತಂದುಕೊಳ್ಳಿ, ಬದುಕಿರಬಹುದು” ಎನ್ನುವುದೂ ತಪ್ಪು, “ಆಸೆ ಬಿಟ್ಟುಬಿಡಿ” ಎಂದು ಅವಸರಪಡಿಸುವುದೂ ತಪ್ಪು. ಸುಮ್ಮನೆ ಜೊತೆಗಿರಬೇಕು.

ಚಳಿಯಲ್ಲಿ ಸತ್ತವರ ಮನೆಯವರು ವೈದ್ಯರಲ್ಲಿ ಕೇಳುವ ಪ್ರಶ್ನೆ ಒಂದೇ: “ತುಂಬಾ ನರಳಿದರಾ?” ತಿಳಿದದ್ದನ್ನು ಹೇಳುತ್ತೇನೆ. 14 ಸಾವಿರ ಅಡಿ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಶೇ. 60ರಷ್ಟು. ಬಟ್ಟೆ ಒದ್ದೆಯಾಗಿ ಗಾಳಿ ಬೀಸಿದರೆ ದೇಹ ಬೇಗ ಶಾಖ ಕಳೆದುಕೊಳ್ಳುತ್ತದೆ. ಮೈಯ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದಾಗ ವಿಪರೀತ ನಡುಕ. 32ಕ್ಕಿಂತ ಇಳಿಯುತ್ತ ನಡುಕ ನಿಂತು ಮಂಪರು, ಗೊಂದಲ. ಆಮೇಲೆ ಎಚ್ಚರ ತಪ್ಪುತ್ತದೆ. ಮೊದಲ ಹಂತ ಕಷ್ಟದ್ದೇ. ಕೊನೆಯ ಹೊತ್ತಿನಲ್ಲಿ ಸಾಮಾನ್ಯವಾಗಿ ನೋವಿನ ಅರಿವು ಇರುವುದಿಲ್ಲ. ಇದು ಸಮಾಧಾನಕ್ಕೆಂದು ಕಟ್ಟಿದ ಮಾತಲ್ಲ, ಶರೀರದ ರೀತಿ ಹಾಗಿದೆ. ಇಷ್ಟು ಕೇಳಿದ ಮೇಲೆ ಕೆಲವರಿಗಾದರೂ ಕಣ್ಣು ಮುಚ್ಚಲು ಸಾಧ್ಯವಾಗುತ್ತದೆ.

ದುಃಖ ಮನಸ್ಸಿಗೆ ಮಾತ್ರ ತಟ್ಟುವುದಲ್ಲ. ಆಪ್ತರು ಸತ್ತ ಮೊದಲ 24 ಗಂಟೆಗಳಲ್ಲಿ ಹೃದಯಾಘಾತದ ಸಂಭವ ಎಂದಿನದಕ್ಕಿಂತ 21 ಪಟ್ಟು ಹೆಚ್ಚೆಂದು 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಹೇಳಿತು. ದಿನ ಕಳೆದಂತೆ ಅದು ಇಳಿಯುತ್ತದೆ. ಆದ್ದರಿಂದ ಸಾವಿನ ಮನೆಗೆ ಹೋದವರಲ್ಲಿ ಒಬ್ಬರಾದರೂ ಮಾಡಬೇಕಾದ ಕೆಲಸವೊಂದಿದೆ. ಮನೆಯ ಹಿರಿಯರ ರಕ್ತದೊತ್ತಡದ, ಸಕ್ಕರೆ ಕಾಯಿಲೆಯ ಮಾತ್ರೆಗಳು ಎಲ್ಲಿವೆ ನೋಡಿ, ಹೊತ್ತಿಗೆ ಸರಿಯಾಗಿ ಕೊಡಿಸಿ. ಸೂತಕದಲ್ಲಿ ಮಾತ್ರೆ ನುಂಗಬಾರದೆಂದು ಯಾವ ಶಾಸ್ತ್ರದಲ್ಲೂ ಇಲ್ಲ. ಊಟ ಸೇರದಿದ್ದರೆ ಗಂಜಿ, ಮಜ್ಜಿಗೆಯಾದರೂ ಇಳಿಯಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬಿಟ್ಟರೆ ಡೋಸು ಎಷ್ಟೆಂದು ವೈದ್ಯರನ್ನು ಕೇಳಲೇಬೇಕು. ಎದೆ ನೋವೆಂದರೆ “ದುಃಖಕ್ಕೆ ಹಾಗೆ” ಎಂದು ತಳ್ಳಿಹಾಕಬೇಡಿ.

ನಿದ್ದೆಯ ಗುಳಿಗೆಯ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟು. ಅಳುವವರನ್ನು ಮಲಗಿಸಿದರೆ ನೋಡುವವರಿಗೆ ಸಮಾಧಾನ, ಅಳುವವರಿಗಲ್ಲ. ಎರಡು ಮೂರು ರಾತ್ರಿಗೆ ವೈದ್ಯರು ಕೊಟ್ಟರೆ ಸರಿ. ಪಕ್ಕದ ಮನೆಯವರ ಆಲ್‌ಪ್ರಜೋಲಮ್ ತಂದು ತಿಂಗಳುಗಟ್ಟಲೆ ನುಂಗಿದವರು ಅದನ್ನು ಬಿಡಲಾರದೆ ಒದ್ದಾಡುತ್ತಾರೆ. ಗಂಡಸರಲ್ಲಿ ಈ ಜಾಗಕ್ಕೆ ಸಾರಾಯಿ ಬರುತ್ತದೆ.

ಮಕ್ಕಳಿಗೆ “ಅಪ್ಪ ದೂರ ಹೋಗಿದ್ದಾನೆ, ಬರ್ತಾನೆ” ಎನ್ನಬೇಡಿ. ಬೆಟ್ಟಕ್ಕೆ ಹೋದವನ ವಿಷಯದಲ್ಲಂತೂ ಮಗು ಆ ಮಾತನ್ನು ನಂಬಿ ಕಾಯುತ್ತದೆ. ಅಪ್ಪ ಸತ್ತಿದ್ದಾನೆ, ಇನ್ನು ಬರುವುದಿಲ್ಲ, ಇದರಲ್ಲಿ ನಿನ್ನ ತಪ್ಪಿಲ್ಲ ಎಂದು ತಿಳಿಯುವ ಮಾತಿನಲ್ಲಿ ಹೇಳಿ, ಎಷ್ಟು ಸಲ ಕೇಳಿದರೂ ಹೇಳಿ. ಅಪಘಾತದ ದೃಶ್ಯಗಳನ್ನು ಮತ್ತೆ ಮತ್ತೆ ತೋರಿಸುವ ಟಿ.ವಿ. ಆರಿಸಿ.

ಬದುಕಿ ಬಂದವರನ್ನು ನಾವು ಮರೆಯುತ್ತೇವೆ. “ನೀನಾದರೂ ಉಳಿದೆಯಲ್ಲ, ಪುಣ್ಯ” ಎಂಬ ಮಾತು ಅವರಿಗೆ ಚುಚ್ಚುತ್ತದೆ. ಜೊತೆಯವರನ್ನು ಬಿಟ್ಟು ಬಂದೆನೆಂಬ ಸಂಕಟ ತಂಡದ ಮುಂದಾಳುಗಳಲ್ಲಿ, ಮಾರ್ಗದರ್ಶಕರಲ್ಲಿ ಹೆಚ್ಚು. ತಿಂಗಳು ಕಳೆದರೂ ಅದೇ ದೃಶ್ಯ ಕಣ್ಣಿಗೆ ಕಟ್ಟುವುದು, ಬೆಚ್ಚಿ ಏಳುವುದು ನಿಲ್ಲದಿದ್ದರೆ ಅದಕ್ಕೆ ಚಿಕಿತ್ಸೆ ಇದೆ.

ದುಃಖಕ್ಕೆ ಅವಧಿ ಗೊತ್ತುಮಾಡುವುದು ನನಗೆ ಇಷ್ಟವಿಲ್ಲ. ಆದರೂ ಆರು ತಿಂಗಳು ದಾಟಿದ ಮೇಲೂ ಹಂಬಲ ಕಿಂಚಿತ್ತೂ ತಗ್ಗದೆ, ತೋಟ, ಅಡುಗೆಮನೆ, ಮಕ್ಕಳು ಯಾವುದೂ ಬೇಡವಾಗಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಹೆಸರೇ ಇದೆ, ಮನೋವೈದ್ಯರನ್ನು ಕಾಣಬೇಕು. “ನಾನೂ ಅವರ ಹಿಂದೆಯೇ ಹೋಗ್ತೇನೆ” ಎಂದರೆ ಆರು ತಿಂಗಳು ಕಾಯುವಂತಿಲ್ಲ, ಅಂದೇ ಹೋಗಬೇಕು, ಒಬ್ಬರನ್ನೇ ಬಿಡಬಾರದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ನಮ್ಮ ಹಿರಿಯರು ಹನ್ನೆರಡು ದಿನಕ್ಕೆ ಬಿಡದೆ ಮಾಸಿಕ, ವರ್ಷಾಂತ ಎಂದು ದಿನಗಳನ್ನು ಇಟ್ಟದ್ದರಲ್ಲಿ ವೈದ್ಯನಾಗಿ ನನಗೆ ಬಹಳ ವಿವೇಕ ಕಾಣುತ್ತದೆ. ಈಗ ಅವು ಪುರೋಹಿತರ ಮತ್ತು ಮನೆಯವರ ನಡುವಿನ ವ್ಯವಹಾರವಾಗಿವೆ. ಮೂರನೆಯ ತಿಂಗಳಿಗೋ ಆರನೆಯ ತಿಂಗಳಿಗೋ ಹೋಗಿ, ಒಂದು ಲೋಟ ಚಹಾ ಕುಡಿದು, ಸತ್ತವರ ಹೆಸರು ಹಿಡಿದು ಮಾತಾಡಿ. ಅತ್ತರೆ ಅಳಲಿ. ಆ ಹೆಂಗಸಿನ ಮನೆಗೆ ಈಚೆಗೆ ಗಂಡನ ಜೊತೆ ಕೊನೆ ಕೊಯ್ಯುತ್ತಿದ್ದ ಇಬ್ಬರು ಹೋಗಿದ್ದರಂತೆ. ಅವರು ಎಷ್ಟು ಬೇಗ ಮರದಿಂದ ಮರಕ್ಕೆ ದಾಟುತ್ತಿದ್ದರೆಂದು ಹೇಳಿ ನಗಿಸಿದರಂತೆ. ಆ ರಾತ್ರಿ ಮೊದಲ ಬಾರಿ ನಾಲ್ಕು ತಾಸು ನಿದ್ದೆ ಬಂತು ಎಂದರು.