ಗಿಟಾರಿಗೆ ಬೀಟೆಯೇ ಬೇಕಾ?

ಹೋದ ಸೆಮಿಸ್ಟರಿನಲ್ಲಿ ನಮ್ಮ ಹಾಸ್ಟೆಲ್ ರೂಮಿನಲ್ಲಿ ಒಂದು ದೊಡ್ಡ ವಾದ ನಡೀತು. ಚನ್ನರಾಯಪಟ್ಟಣದ ಗೆಳೆಯನೊಬ್ಬ ಗಿಟಾರಿಗಾಗಿ ಒಂದೂವರೆ ವರ್ಷದಿಂದ ದುಡ್ಡು ಕೂಡಿಡ್ತಾ ಇದ್ದ. "ತಗೊಂಡ್ರೆ ರೋಸ್‌ವುಡ್ಡೇ ಮಗಾ, ಇಲ್ಲಾಂದ್ರೆ ಬೇಡ್ವೇ ಬೇಡ" ಅಂದ. ಪಕ್ಕದಲ್ಲಿ ಕೂತಿದ್ದ ಅರಕಲಗೂಡಿನವನು ನಕ್ಕುಬಿಟ್ಟ. "ರೋಸ್‌ವುಡ್ ಅಂದ್ರೆ ಏನು ಅಂದ್ಕೊಂಡಿದೀಯ? ನಮ್ಮ ಬೀಟೆ ಕಣೋ. ನಮ್ಮಜ್ಜಿ ಮನೆ ಬಾಗಿಲು ಅದ್ರದ್ದೇ." ಚನ್ನರಾಯಪಟ್ಟಣದವನು ನಂಬಲಿಲ್ಲ. ಮೊಬೈಲ್ ತೆಗೆದು ನೋಡಿದ ಮೇಲೆ ಸುಮ್ಮನಾದ.

ಅವನ ತಪ್ಪೇನಿಲ್ಲ. ನಮಗ್ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಪ್ರಪಂಚದ ಒಳ್ಳೊಳ್ಳೆ ಗಿಟಾರುಗಳ ಹಿಂಬದಿಗೆ, ಪಕ್ಕಕ್ಕೆ ಹಾಕುವ 'ಇಂಡಿಯನ್ ರೋಸ್‌ವುಡ್' ನಮ್ಮ ಪಶ್ಚಿಮಘಟ್ಟದ ಬೀಟೆ. ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗೆ ನಿಂತಿರೋದು ಅದೇ ಮರ. ಅಮೆರಿಕದ ಮಾರ್ಟಿನ್ ಕಂಪನಿ ಮೊದಲು ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿತ್ತು. ಬ್ರೆಜಿಲ್ ದಿಮ್ಮಿಗಳ ರಫ್ತು ನಿಲ್ಲಿಸಿದ ಮೇಲೆ, 1969ರ ಹೊತ್ತಿಗೆ, ಅದು ಬೀಟೆಯ ಕಡೆ ತಿರುಗಿತು. ಉಳಿದವರೂ ಹಿಂದೆಯೇ ಬಂದರು. ಅಂದರೆ ಬೀಟೆ ಗಿಟಾರಿಗೆ ಬಂದಿದ್ದೇ ಇನ್ನೊಂದು ಮರ ಸಿಗದಾದಾಗ, ಬದಲಿಯಾಗಿ. ಅಂಥ ಬದಲಿ ಮರವೇ ಐವತ್ತು ವರ್ಷದಲ್ಲಿ 'ಇದಿಲ್ಲದೆ ನಾದವೇ ಇಲ್ಲ' ಅನ್ನೋ ಮಟ್ಟಕ್ಕೆ ಬಂತು.

ಇದನ್ನೇ ನಾನು ಪ್ರಶ್ನೆ ಮಾಡೋದು. ನನ್ನ ಅಭಿಪ್ರಾಯ ಇಷ್ಟೇ: ಒಳ್ಳೆ ಗಿಟಾರಿಗೆ ಬೀಟೆ ಬೇಕೇಬೇಕು ಅನ್ನೋದು ಅರ್ಧ ನಿಜ, ಅರ್ಧ ಅಂಗಡಿಯ ಮಾತು. ಆ ಮಾತನ್ನ ನಾವು, ಅದೂ ಎಂಜಿನಿಯರಿಂಗ್ ಓದೋರು, ಲೆಕ್ಕ ಹಾಕದೆ ಒಪ್ಪಿಕೊಳ್ಳಬಾರದು.

ಲೆಕ್ಕ ಹಾಕೋಣ. ಸ್ಟೀಲ್ ತಂತಿಯ ಅಕೌಸ್ಟಿಕ್ ಗಿಟಾರಿನಲ್ಲಿ ಆರು ತಂತಿಗಳ ಒಟ್ಟು ಎಳೆತ 70 ಕೆ.ಜಿ.ಗೂ ಹೆಚ್ಚು. ಈ ಭಾರವನ್ನ ಹೊತ್ತುಕೊಂಡು, ಜೊತೆಗೆ ಸಲೀಸಾಗಿ ಅದುರಬೇಕಾದ್ದು ಮುಂಭಾಗದ ಹಲಗೆ. ಅದರ ದಪ್ಪ 3 ಮಿ.ಮೀ. ಆಸುಪಾಸು, ಅಷ್ಟೇ. ಹಗುರವೂ ಇರಬೇಕು, ಗಟ್ಟಿಯೂ ಇರಬೇಕು. ಮರದೊಳಗೆ ಶಬ್ದದ ವೇಗವನ್ನ ಅದರ ಸಾಂದ್ರತೆಯಿಂದ ಭಾಗಿಸಿದರೆ, ಆ ಹಲಗೆ ಎಷ್ಟು ಸುಲಭವಾಗಿ ಗಾಳಿಗೆ ಸದ್ದು ದಾಟಿಸುತ್ತೆ ಅನ್ನೋ ಅಂದಾಜು ಸಿಗುತ್ತೆ. ಸ್ಪ್ರೂಸ್ ಮರಕ್ಕೆ ಇದು ಸುಮಾರು 12 ಬರುತ್ತೆ. ಬೀಟೆಗೆ 4ರಿಂದ 5. ಅದಕ್ಕೇ ಬೀಟೆ ಗಿಟಾರ್ ಅಂತ ಮಾರೋ ವಾದ್ಯದಲ್ಲೂ ಮುಂಭಾಗ ಸಾಮಾನ್ಯವಾಗಿ ಸ್ಪ್ರೂಸ್ ಅಥವಾ ಸೀಡರ್. ಹಾಡೋದು ಬಹುಪಾಲು ಆ ಹಲಗೆ, ಅದರ ಒಳಗೆ ಅಂಟಿಸಿರೋ ಪಟ್ಟಿಗಳು. ಹೆಸರು ಮಾತ್ರ ಬೆನ್ನಿನ ಮರಕ್ಕೆ!

ಹಾಗಾದ್ರೆ ಬೆನ್ನಿನ ಮರದಿಂದ ಏನೂ ವ್ಯತ್ಯಾಸ ಆಗಲ್ವಾ? ಇದನ್ನ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿದ್ದಾರೆ. ಒಬ್ಬನೇ ಕುಶಲಕರ್ಮಿ, ರೋಜರ್ ಬಕ್‌ನಾಲ್, ಒಂದೇ ವಿನ್ಯಾಸದಲ್ಲಿ ಆರು ಗಿಟಾರ್ ಮಾಡಿಕೊಟ್ಟರು. ಬದಲಾಗಿದ್ದು ಬೆನ್ನು ಮತ್ತು ಪಕ್ಕದ ಮರ ಮಾತ್ರ. ಒಂದಕ್ಕೆ ಬ್ರೆಜಿಲ್ ರೋಸ್‌ವುಡ್, ಒಂದಕ್ಕೆ ನಮ್ಮ ಬೀಟೆ, ಉಳಿದವಕ್ಕೆ ಮಹಾಗನಿ, ಮೇಪಲ್, ಸಪೇಲೆ, ವಾಲ್‌ನಟ್. 52 ಗಿಟಾರ್ ವಾದಕರನ್ನ ಮಂದ ಬೆಳಕಿನಲ್ಲಿ ಕೂರಿಸಿ, ಮರ ಕಾಣದ ಹಾಗೆ ವೆಲ್ಡಿಂಗ್ ಕನ್ನಡಕ ಹಾಕಿಸಿ ನುಡಿಸೋಕೆ ಕೊಟ್ಟರು. ಫಲಿತಾಂಶ 2018ರಲ್ಲಿ ಪ್ರಕಟವಾಯ್ತು. ಆರೂ ಗಿಟಾರಿಗೆ ಸಿಕ್ಕ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ದುಬಾರಿ ಮರ ಗೆಲ್ಲಲಿಲ್ಲ, ಅಗ್ಗದ ಮರ ಸೋಲಲೂ ಇಲ್ಲ.

ಇದು ಹೊಸ ವಿಷಯವೂ ಅಲ್ಲ. ಸ್ಪೇನಿನ ಆಂಟೋನಿಯೋ ದೆ ಟೊರೆಸ್ 1862ರಲ್ಲೇ ಬೆನ್ನು, ಪಕ್ಕ ಎರಡನ್ನೂ ಕಾಗದದ ರಟ್ಟಿನಿಂದ ಮಾಡಿದ ಒಂದು ಗಿಟಾರ್ ಕಟ್ಟಿದ್ದ. ಮುಂಭಾಗದ ಹಲಗೆಯೇ ಮುಖ್ಯ ಅಂತ ತೋರಿಸೋಕೆ. 1995ರಲ್ಲಿ ಅಮೆರಿಕದ ಟೇಲರ್ ಕಂಪನಿಯವರು ಕಾರ್ಖಾನೆಯಲ್ಲಿ ಸಾಮಾನು ಇಡೋ ಹಳೇ ಪ್ಯಾಲೆಟ್ಟಿನ ಮರದಿಂದ ಗಿಟಾರ್ ಮಾಡಿದರು. ಮೊಳೆಯ ತೂತುಗಳನ್ನೂ ಮುಚ್ಚಿಡಲಿಲ್ಲ, ಅಲಂಕಾರ ಮಾಡಿ ತೋರಿಸಿದರು.

ಹಾಗಂತ ಬೀಟೆಯನ್ನ ಹೀಗಳೆಯಬೇಡಿ. ಒಣಗಿದ ಬೀಟೆ ಹಲಗೆಯನ್ನ ಎರಡು ಬೆರಳಲ್ಲಿ ಹಿಡಿದು ತಟ್ಟಿ ನೋಡಿ, ಗಂಟೆಯ ಹಾಗೆ ಅನುರಣಿಸುತ್ತೆ. ಬಿಸಿ ಕೊಟ್ಟರೆ ಬಾಗುತ್ತೆ, ಬಾಗಿದ ಮೇಲೆ ಹಾಗೇ ನಿಲ್ಲುತ್ತೆ. ನೋಡೋಕಂತೂ ಹೇಳೋದೇ ಬೇಡ. ಚೆನ್ನಾಗಿರೋದಕ್ಕೆ ಕಾರಣಗಳಿವೆ. 'ಬೇಕೇಬೇಕು' ಅನ್ನೋದಕ್ಕೆ ಇಲ್ಲ.

ಈ 'ಬೇಕೇಬೇಕು' ಯಾಕೆ ಅಪಾಯ ಅಂದ್ರೆ, ಬೀಟೆ ಬೆಳೆಯೋಕೆ ನಮ್ಮ ನಾಲ್ಕು ತಲೆಮಾರು ಬೇಕು, ಕಡಿಯೋಕೆ ಒಂದು ರಾತ್ರಿ ಸಾಕು. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದು ಅಪಾಯದ ಅಂಚಿನ ಜಾತಿ. 2017ರ ಜನವರಿಯಲ್ಲಿ ಸೈಟಿಸ್ ಒಪ್ಪಂದದವರು ಬೀಟೆಯ ಇಡೀ ಕುಲವನ್ನೇ ನಿಯಂತ್ರಣದ ಪಟ್ಟಿಗೆ ಸೇರಿಸಿದಾಗ ಗಿಟಾರ್ ಕಂಪನಿಗಳೆಲ್ಲ ಗಾಬರಿಯಾದವು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ವಾದ್ಯಕ್ಕೆ ರಿಯಾಯಿತಿ ಸಿಕ್ಕಿದ್ದು ನಿಜ, ಮರಕ್ಕೆ ಬೇಡಿಕೆ ಕಮ್ಮಿಯಾಗಲಿಲ್ಲ. ಇತ್ತ ನಮ್ಮಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಮೀನಿನ ಬೀಟೆ ಕಡಿಯೋಕೂ ಅನುಮತಿ ಬೇಕು. ಕಾಯ್ದೆ ಇರಬೇಕಾದ್ದೇ. ಆದರೆ ರೈತ ಯೋಚನೆ ಮಾಡೋದು ಬೇರೆ ರೀತಿ: ನೆಟ್ಟರೆ ಮೊಮ್ಮಗನ ಕಾಲಕ್ಕೆ, ಅದೂ ಕಚೇರಿ ಸುತ್ತಿದ ಮೇಲೆ. ಅದಕ್ಕೇ ಸಿಲ್ವರ್ ಓಕ್ ನೆಡ್ತಾನೆ. ಸಿಲ್ವರ್ ಓಕ್ ಆ ಕಾಯ್ದೆಯ ವಿನಾಯಿತಿ ಪಟ್ಟಿಯಲ್ಲಿದೆ. ಚನ್ನರಾಯಪಟ್ಟಣದ ತೆಂಗೂ ಇದೆ.

ಇಲ್ಲಿಗೆ ಅರಕಲಗೂಡಿನ ಗೆಳೆಯನ ಊರ ಕಡೆ ಬರ್ತೀನಿ. ಆ ತಾಲ್ಲೂಕಿನಲ್ಲಿ, ಕಾವೇರಿ ದಡದಲ್ಲಿ ರುದ್ರಪಟ್ಟಣ ಇದೆ. ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣಂ ಸಹೋದರರು, ಆರ್.ಕೆ. ಪದ್ಮನಾಭ, ಎಲ್ಲರ ಬೇರು ಅಲ್ಲೇ. ತಂಬೂರಿಯ ಆಕಾರದಲ್ಲೇ ಕಟ್ಟಿದ ಒಂದು ಮಂದಿರವೂ ಅಲ್ಲಿದೆ. ಇಷ್ಟೆಲ್ಲ ಸಂಗೀತದ ಹಿಂದಿನ ಶ್ರುತಿ ಯಾವ ಮರದ್ದು? ತಂಬೂರಿ, ವೀಣೆ, ಮೃದಂಗದ ಕಳಸಿಗೆ ನಮ್ಮ ಕಡೆ ಮೊದಲು ನೆನಪಾಗೋದು ಹಲಸು. ಹಿತ್ತಲಲ್ಲಿ ಬೆಳೆಯೋ, ತೊಳೆ ತಿಂದು ಬೀಜ ಸಾರಿಗೆ ಹಾಕೋ ಅದೇ ಹಲಸು. ವೀಣೆ ಮಾಡೋರು ಕೈಗೆ ಸಿಗೋ ಮರದ ಗುಣ ತಿಳಿದು, ವರ್ಷಗಟ್ಟಲೆ ಒಣಗಿಸಿ, ತಟ್ಟಿ ನೋಡಿ ವಾದ್ಯ ಮಾಡಿದರು. ಗಿಟಾರ್ ಬಂದಾಗ ಮಾತ್ರ ನಾವು ಕ್ಯಾಟಲಾಗ್ ನೋಡಿ ಮರ ಆರಿಸೋಕೆ ಶುರು ಮಾಡಿದ್ವಿ.

"ಹಾಗಾದ್ರೆ ಹಲಸಿನ ಗಿಟಾರ್ ಮಾಡಿ ತೋರ್ಸು" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಷ್ಟ ಇರೋದು ಮರದ ಜಾತಿಯಲ್ಲಿ ಅಲ್ಲ ಅಂತ ನನಗನ್ನಿಸೋದು. ನಮ್ಮ ಸಾಮಿಲ್ಲುಗಳಲ್ಲಿ ದಿಮ್ಮಿ ಕೊಯ್ಯೋದು ಕಿಟಕಿ, ಬಾಗಿಲಿನ ಲೆಕ್ಕಕ್ಕೆ. ವಾದ್ಯಕ್ಕೆ ಎಳೆ ನೇರ ನಿಲ್ಲೋ ಹಾಗೆ, ತಿರುಳಿನಿಂದ ಹೊರಗೆ ಕೊಯ್ಯಬೇಕು. ಆಮೇಲೆ ನಿಧಾನವಾಗಿ ಒಣಗಬೇಕು, ತೇವಾಂಶ ಅಳೀಬೇಕು. ಮಳೆಗಾಲದಲ್ಲಿ ಸಕಲೇಶಪುರದ ಹಲಗೆ ಉಬ್ಬುತ್ತೆ, ಬೇಸಿಗೆಯಲ್ಲಿ ಚನ್ನರಾಯಪಟ್ಟಣಕ್ಕೆ ಒಯ್ದರೆ ಬಿರುಕು ಬಿಡುತ್ತೆ. ಇದೆಲ್ಲ ಯಾರ ಕೆಲಸ ಹೇಳಿ? ಮೆಕ್ಯಾನಿಕಲ್‌ನವರ ಹತ್ರ ವರ್ಕ್‌ಶಾಪ್ ಇದೆ. ಎಲೆಕ್ಟ್ರಾನಿಕ್ಸ್‌ನವರು ಒಂದು ಮೈಕು, ಒಂದು ಲ್ಯಾಪ್‌ಟಾಪ್ ಇಟ್ಟು ಹಲಗೆ ತಟ್ಟಿದ ಸದ್ದಿನ ಆವರ್ತನ ತೆಗೀಬಹುದು. ಸಿವಿಲ್‌ನವರಿಗೆ ಬಾಗುವಿಕೆಯ ಪರೀಕ್ಷೆ ಹೊಸದಲ್ಲ. ಹಲಸು, ಮಾವು, ಸಿಲ್ವರ್ ಓಕ್, ತೆಂಗು, ಬೀಟೆ, ಐದರದ್ದೂ ಒಂದೊಂದು ತುಂಡು ತಂದು ಅಳತೆ ಮಾಡಿ ಪಟ್ಟಿ ಹಾಕಿದರೆ ಫೈನಲ್ ಇಯರ್ ಪ್ರಾಜೆಕ್ಟಿಗೆ ಅದಕ್ಕಿಂತ ಒಳ್ಳೆ ವಿಷಯ ಬೇಕಾ? ಪ್ರತೀ ವರ್ಷ ಅದೇ ಲೈನ್ ಫಾಲೋವರ್ ರೋಬೋಟ್ ಮಾಡಿ ಸಾಕಾಗಿದೆ ಅಲ್ವಾ?

ಕೊನೇದಾಗಿ ನನ್ನ ಕಥೆ. ನಮ್ಮೂರು ಹೊಳೆನರಸೀಪುರ ತಾಲ್ಲೂಕು. ಎರಡು ವರ್ಷದ ಹಿಂದೆ ಹಳೇ ತೊಟ್ಟಿ ಮನೆ ಕೆಡವಿದಾಗ ಬೀಟೆ ಬಾಗಿಲು, ಚೌಕಟ್ಟನ್ನೆಲ್ಲ ವ್ಯಾಪಾರಿಯೊಬ್ಬ ಬಂದು ಲಾರಿಗೆ ಹಾಕ್ಕೊಂಡು ಹೋದ. ಅಪ್ಪ ಆ ದುಡ್ಡಲ್ಲಿ ನನ್ನ ಒಂದು ವರ್ಷದ ಫೀಸ್ ಕಟ್ಟಿದರು. ಹೀಗೆ ನಾನು ಓದ್ತಿರೋದೇ ಬೀಟೆಯ ಋಣದಲ್ಲಿ. ಅಟ್ಟದ ಮೇಲಿದ್ದ ಎರಡು ಹಲಸಿನ ಹಲಗೆಗಳನ್ನ ಮಾತ್ರ ವ್ಯಾಪಾರಿ ಮುಟ್ಟಲಿಲ್ಲ. "ಇದಕ್ಕೇನು ಬೆಲೆ ಇಲ್ಲ ಬಿಡಿ" ಅಂದ.

ಆ ಹಲಗೆಗಳು ನನ್ನ ಹತ್ರ ಇವೆ. ಅಟ್ಟದಲ್ಲಿ ಹೊಗೆ ಕುಡಿದು ಕುಡಿದು ಚೆನ್ನಾಗಿ ಒಣಗಿವೆ. ತಟ್ಟಿದರೆ ಸದ್ದು ಬರುತ್ತೆ, ಕೆಟ್ಟ ಸದ್ದೇನಲ್ಲ. ವರ್ಕ್‌ಶಾಪಿನಲ್ಲಿ ಜೊತೆಗೆ ಕೈ ಹಾಕೋರು ಬೇಕು. ಚನ್ನರಾಯಪಟ್ಟಣದವನು ಒಪ್ಪಿದ್ದಾನೆ. ಅವನ ದುಡ್ಡು ಇನ್ನೂ ಖರ್ಚಾಗಿಲ್ಲ.